ಅರ್ಧ ಬೆಲೆಯ ಅಂಗಿ

ಬೆಂಗಳೂರಿನ ಗೃಹಸ್ಥರಿಗೆ ಬಟ್ಟೆ ಕೊಳ್ಳುವುದೆಂದರೆ ಹಿಂದೆ ಚಿಕ್ಕಪೇಟೆ. ಕೈಯಲ್ಲಿ ನಾಲ್ಕು ಕಾಸು ಹೆಚ್ಚಿದ್ದವರಿಗೆ ಕಮರ್ಷಿಯಲ್ ಸ್ಟ್ರೀಟ್. ಈ ಶತಮಾನದ ಮೊದಲ ವರ್ಷಗಳಲ್ಲಿ ಆ ಯಾದಿಗೆ ಮಾರತಹಳ್ಳಿ ಎಂಬ ಮೂರನೆಯ ಹೆಸರೂ ಸೇರಿತು. ವಿಮಾನ ಕಾರ್ಖಾನೆಯನ್ನು ದಾಟಿ ವೈಟ್‌ಫೀಲ್ಡಿಗೆ ಹೋಗುವ ಹಾದಿಯಲ್ಲಿ, ಹೊರವರ್ತುಲ ರಸ್ತೆ ಅಡ್ಡಹಾಯುವ ಸೇತುವೆಯ ಸುತ್ತಮುತ್ತ, 'ಫ್ಯಾಕ್ಟರಿ ಔಟ್‌ಲೆಟ್' ಎಂಬ ಫಲಕ ಹೊತ್ತ ಅಂಗಡಿಗಳು ಸಾಲುಗಟ್ಟಿ ಎದ್ದವು. 1882ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಆಂಗ್ಲೋ-ಇಂಡಿಯನ್ ಕುಟುಂಬಗಳ ಬೇಸಾಯಕ್ಕೆಂದು ಭೂಮಿ ಕೊಟ್ಟು ನೆಲೆಗೊಳಿಸಿದ ವೈಟ್‌ಫೀಲ್ಡು ಕಂಪ್ಯೂಟರ್ ಪಟ್ಟಣವಾದ ಮೇಲೆ, ಸಂಬಳದ ಹಣ ಓಡಾಡುವ ದಾರಿಯಲ್ಲಿ ಅಂಗಡಿಗಳು ಏಳುವುದು ಸಹಜವೇ.

ಭಾನುವಾರ ಮಧ್ಯಾಹ್ನ ಅಲ್ಲಿಗೆ ಹೋದವರಿಗೆ ಜಾತ್ರೆಯ ನೆನಪಾಗದೆ ಇರದು. ಯಜಮಾನರು ಬೆಲೆಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಮನಸ್ಸಿನಲ್ಲೇ ಗುಣಿಸುತ್ತಾರೆ. ಗೃಹಿಣಿ ಬಟ್ಟೆಯನ್ನು ಎರಡು ಬೆರಳುಗಳ ನಡುವೆ ಉಜ್ಜಿ ನೋಡುತ್ತಾಳೆ. ಮಗ ನಾಲ್ಕನೆಯ ಷರಾಯಿ ಹಾಕಿಕೊಂಡು ಕನ್ನಡಿಯ ಮುಂದಿನಿಂದ ಕದಲನು. ₹2,499 ಎಂದು ಅಚ್ಚಾದ ಅಂಗಿ ₹1,250ಕ್ಕೆ ದೊರೆತರೆ ಮನೆಮಂದಿಗೆಲ್ಲ ಗೆದ್ದ ಸಂತೋಷ. ಆದರೂ ಮನೆಗೆ ಮರಳುವಾಗ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಇಷ್ಟು ಒಳ್ಳೆಯ ಅಂಗೀನ ಅರ್ಧ ಬೆಲೆಗೆ ಹೇಗೆ ಕೊಡ್ತಾರೆ ಅವರು?"

ಈ ಬಗೆಯ ವ್ಯಾಪಾರದ ತವರು ಅಮೆರಿಕ. ಪೆನ್ಸಿಲ್ವೇನಿಯಾ ಸಂಸ್ಥಾನದ ರೆಡಿಂಗ್ ಪಟ್ಟಣದ ಮಗ್ಗುಲಲ್ಲಿ ಕಾಲುಚೀಲ ಹೆಣೆಯುತ್ತಿದ್ದ ದೊಡ್ಡದೊಂದು ಗಿರಣಿಯಿತ್ತು. ಮಿಕ್ಕ ಮಾಲನ್ನು ಗಿರಣಿಯ ಆವರಣದಲ್ಲಿಯೇ ಅಗ್ಗಕ್ಕೆ ಮಾರುವ ಪದ್ಧತಿ 1970ರ ದಶಕದಲ್ಲಿ ಅಲ್ಲಿ ಬೇರೂರಿ, ಮುಂದೆ ದೇಶದಗಲ ಹಬ್ಬಿತು. ನೆವಾಡಾ ಮರುಭೂಮಿಯ ನಡುವಿನ ಜೂಜಿನ ನಗರ ಲಾಸ್ ವೇಗಾಸಿನಲ್ಲಿ 2003ರಲ್ಲಿ ಇಂಥದೇ ಒಂದು ಬಯಲು ಪೇಟೆ ತೆರೆಯಿತು. ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋದ ಮಲ್ಲೇಶ್ವರ, ಬಸವನಗುಡಿಗಳ ಹಿರಿಯರಿಗೆ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯನ್ನು ತೋರಿಸಿ, ದಾರಿಯಲ್ಲಿ ಈ ಪೇಟೆಗೂ ಕರೆದೊಯ್ಯುವುದುಂಟು. ಸುಡುಬಿಸಿಲಿನಲ್ಲಿ ಅಂಗಡಿಯಿಂದ ಅಂಗಡಿಗೆ ನಡೆದು, ಅಳಿಯನಿಗೊಂದು, ಷಡ್ಡಕನಿಗೊಂದು ಅಂಗಿ ಕೊಂಡು, ಊರಿಗೆ ಬಂದು ಪೆಟ್ಟಿಗೆ ಬಿಚ್ಚಿದಾಗ ಕಾಲರಿನ ಒಳಗೆ 'ಮೇಡ್ ಇನ್ ಇಂಡಿಯಾ' ಎಂಬ ಪಟ್ಟಿ ಕಂಡು ನಕ್ಕವರು ಅನೇಕರು. ಹೊಲಿದದ್ದು ಮನೆಯಿಂದ ಎಂಟು ಮೈಲಿ ದೂರದ ಪೀಣ್ಯದಲ್ಲಿಯೇ ಇದ್ದರೂ ಇರಬಹುದು!

ಪೀಣ್ಯ ನಗರದ ವಾಯವ್ಯದ ಅಂಚು. ಬೊಮ್ಮನಹಳ್ಳಿ ದಕ್ಷಿಣದ ಅಂಚು. ಇವೆರಡು ಕಡೆ ಸಿದ್ಧ ಉಡುಪಿನ ಕಾರ್ಖಾನೆಗಳು ಗುಂಪುಗೂಡಿವೆ. ಜನರ ಬಾಯಲ್ಲಿ ಅವುಗಳಿಗೆ 'ಗಾರ್ಮೆಂಟ್ಸ್' ಎಂದೇ ಹೆಸರು. ವಿದೇಶದ ಕಂಪನಿಯೊಂದು ಹತ್ತು ಸಾವಿರ ಅಂಗಿಗಳಿಗೆ ಆದೇಶ ಕೊಟ್ಟಿತೆನ್ನಿ. ಹೊಲಿಯುವಾಗ ಕೆಲವು ಕೆಡುವುದು ಖಂಡಿತವಾದ್ದರಿಂದ ಕಾರ್ಖಾನೆಯವರು ಕೆಲವು ನೂರು ಅಂಗಿಗಳಿಗಾಗುವಷ್ಟು ಬಟ್ಟೆಯನ್ನು ಹೆಚ್ಚಿಗೆ ಕತ್ತರಿಸುತ್ತಾರೆ. ಒಂದು ಅಂಗಿಯನ್ನು ಒಬ್ಬಳೇ ಹೊಲಿಯುವುದಿಲ್ಲ. ಯಂತ್ರಗಳ ಸಾಲಿನಲ್ಲಿ ಒಬ್ಬಳು ದಿನವಿಡೀ ಕಾಲರನ್ನು, ಇನ್ನೊಬ್ಬಳು ಕಫನ್ನು, ಮತ್ತೊಬ್ಬಳು ಜೇಬನ್ನು ಕೂಡಿಸುತ್ತಾಳೆ. ಗಂಟೆಗೆ ಇಷ್ಟು ಎಂಬ 'ಟಾರ್ಗೆಟ್' ತಲೆಯ ಮೇಲೆ ತೂಗುತ್ತಿರುತ್ತದೆ. ಕೊನೆಗೆ ತಪಾಸಣೆ. ಒಂದು ಹೊಲಿಗೆ ತಪ್ಪಿದ್ದರೆ, ತೋಳಿನ ಬಣ್ಣ ಬೆನ್ನಿನ ಬಣ್ಣಕ್ಕಿಂತ ಎಳ್ಳಷ್ಟು ಮಾಸಲಾಗಿದ್ದರೆ, ಅಂಗಿ ತಿರಸ್ಕೃತ. ಹಡಗಿಗೆ ಮಾಲು ತಡವಾದರೂ ಅದೇ ಗತಿ. 2020ರಲ್ಲಿ ಕೊರೋನಾ ಬಂದಾಗ ವಿದೇಶದವರು ಕೊಟ್ಟ ಆದೇಶಗಳನ್ನೇ ರದ್ದು ಮಾಡಿದ್ದರಿಂದ ಹೊಲಿದ ಬಟ್ಟೆ ಗೋದಾಮಿನಲ್ಲಿಯೇ ಉಳಿಯಿತು. ಹೀಗೆ ಹೆಚ್ಚಾದುದು, ಕೆಟ್ಟುದು, ಬೇಡವಾದುದು ಪಟ್ಟಿ ಕತ್ತರಿಸಿಕೊಂಡು 'ಎಕ್ಸ್‌ಪೋರ್ಟ್ ಸರ್‌ಪ್ಲಸ್' ಎಂಬ ಹೆಸರಿನಲ್ಲಿ ಪೇಟೆಗೆ ಬರುತ್ತದೆ.

ಮಾರತಹಳ್ಳಿಯಲ್ಲಿ ಹೆಚ್ಚಾಗಿ ಕಾಣುವುದು ಇದಲ್ಲ, ದೇಶದೊಳಗಿನ ಕಂಪನಿಗಳ ಮಾಲು. ಲೂಯಿ ಫಿಲಿಪ್, ವ್ಯಾನ್ ಹ್ಯೂಸೆನ್, ಅಲೆನ್ ಸೋಲಿ ಎಂಬ ಹೆಸರು ಕೇಳಿದರೆ ಸಮುದ್ರದಾಚೆಯಿಂದ ಬಂದುವೆಂದು ತೋರುತ್ತದೆ. ಇಲ್ಲಿ ಅವುಗಳ ವಹಿವಾಟು ನಡೆಯುವುದು ಬೆಂಗಳೂರಿನಿಂದಲೇ. ಕಳೆದ ಋತುವಿನಲ್ಲಿ ಮಾರಾಟವಾಗದೆ ಉಳಿದ ಉಡುಪು ಅರ್ಧ ಬೆಲೆಗೆ ಇಳಿಯುತ್ತದೆ. ಇದರಲ್ಲಿ ಮೋಸವೇನೂ ಇಲ್ಲ.

ಎಚ್ಚರ ಬೇಕಾದುದು ಬೇರೊಂದು ಕಡೆ. ರಿಯಾಯಿತಿ ಅಂಗಡಿಗೆಂದೇ, ತೆಳುವಾದ ಬಟ್ಟೆಯಲ್ಲಿ ಹೊಲಿಸಿದ ಮಾಲೂ ಉಂಟು. ಅಮೆರಿಕದಲ್ಲಿ ಈ ದೂರು ಎಷ್ಟು ಬಲವಾಯಿತೆಂದರೆ, 2014ರಲ್ಲಿ ಅಲ್ಲಿನ ಸಂಸತ್ತಿನ ನಾಲ್ವರು ಸದಸ್ಯರು ಇದನ್ನು ವಿಚಾರಿಸುವಂತೆ ವಾಣಿಜ್ಯ ಆಯೋಗಕ್ಕೆ ಪತ್ರ ಬರೆದರು. ನಮ್ಮಲ್ಲಿ ಗರಿಷ್ಠ ಬೆಲೆಯನ್ನು ಅಚ್ಚುಹಾಕುವವನು ಮಾಲು ತಯಾರಿಸಿದವನೇ. ಅದಕ್ಕಿಂತ ಹೆಚ್ಚಿಗೆ ಮಾರಕೂಡದೆಂದು ಕಾನೂನು ಹೇಳುತ್ತದೆ. ₹2,499 ಎಂಬ ಅಂಕಿಗೆ ಆ ಅಂಗಿ ಎಂದಾದರೂ, ಎಲ್ಲಾದರೂ ಮಾರಾಟವಾಗಿತ್ತೇ ಎಂಬುದನ್ನು ಬೆಲೆಚೀಟಿ ಹೇಳದು. ಆದಕಾರಣ ಚೀಟಿಯನ್ನು ಬಿಟ್ಟು ಅಂಗಿಯನ್ನು ಓದುವುದು ಲೇಸು. ಒಳಮೈ ತಿರುವಿ ನೋಡಬೇಕು; ಪಕ್ಕದ ಹೊಲಿಗೆ ಒತ್ತಾಗಿದೆಯೇ, ಎಳೆ ಬಿಚ್ಚಿಕೊಂಡಿಲ್ಲವಷ್ಟೆ? ಚೌಕಳಿಯ ಬಟ್ಟೆಯಾದರೆ ಜೇಬಿನ ಗೆರೆ ಎದೆಯ ಗೆರೆಗೆ ಕೂಡುತ್ತದೆಯೇ? ಬಣ್ಣವನ್ನು ಬಾಗಿಲ ಬಳಿಯ ಹಗಲು ಬೆಳಕಿನಲ್ಲಿ ಪರೀಕ್ಷಿಸಬೇಕು. ಅಂಗಡಿಯ ದೀಪವನ್ನು ನಂಬಬಾರದು.

ಗೆರೆಗೆ ಗೆರೆ ಕೂಡಿಸಿದ ಕೈಗಳ ಪರಿಚಯ ಮಾತ್ರ ಕೊಳ್ಳುವವರಿಗೆ ಆಗುವುದೇ ಇಲ್ಲ. ಒಮ್ಮೆ ನಗರಕ್ಕೆಲ್ಲ ಆಯಿತು. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಭವಿಷ್ಯನಿಧಿಯ ನಿಯಮವನ್ನು ಬದಲಿಸಿ, ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವ ತನಕ ತೆಗೆಯಕೂಡದೆಂದಿತು. ಆ ವಯಸ್ಸಿನವರೆಗೆ ಹೊಲಿಗೆ ಯಂತ್ರದ ಮುಂದೆ ಕೂರಬಲ್ಲ ಹೆಂಗಸರು ಎಷ್ಟು ಮಂದಿ? ಬೆನ್ನು ಸೋತಾಗ, ಮಗಳ ಮದುವೆ ಬಂದಾಗ, ಸಾಲಗಾರ ಬಾಗಿಲಿಗೆ ನಿಂತಾಗ ಕೆಲಸ ಬಿಟ್ಟು ಆ ಗಂಟನ್ನು ಬಿಚ್ಚುವುದೇ ಅವರಿಗಿದ್ದ ದಾರಿ. ಏಪ್ರಿಲ್ 18ರಂದು ಬೊಮ್ಮನಹಳ್ಳಿಯ ಬಳಿ ಸಾವಿರಾರು ಹೆಂಗಸರು, ಮುಂದಾಳೆನ್ನುವವರಿಲ್ಲದೆಯೇ, ಹೊಸೂರು ರಸ್ತೆಗೆ ಇಳಿದರು. ಮರುದಿನ ಕಿಚ್ಚು ಪೀಣ್ಯಕ್ಕೆ, ತುಮಕೂರು ರಸ್ತೆಗೆ ಹಬ್ಬಿತು. ಲಾಠಿ ಬೀಸಿತು, ಬಸ್ಸುಗಳು ಉರಿದವು, ಅದನ್ನು ಸರಿಯೆನ್ನುವವರಾರು? ಆದರೆ ಅಂದು ಸಂಜೆಯೇ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ದೇಶದ ಕೋಟ್ಯಂತರ ಕಾರ್ಮಿಕರ ಹಣ ಉಳಿಸಿದವರು ಬೆಂಗಳೂರಿನ ಹೊಲಿಗೆಯ ಹೆಂಗಸರು.

2023ರ ಅಕ್ಟೋಬರಿನಿಂದ ಮೆಟ್ರೋ ರೈಲು ಎಡೆಬಿಡದೆ ವೈಟ್‌ಫೀಲ್ಡಿನವರೆಗೆ ಓಡುತ್ತಿದೆ. ಪೀಣ್ಯದಲ್ಲಿ ಹತ್ತಿ ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸಿದರೆ ಮಾರತಹಳ್ಳಿಯ ನೆರೆಯ ಕುಂದಲಹಳ್ಳಿಗೆ ಹೋಗಿ ಇಳಿಯಬಹುದು. ಕಾಲರು ಹೊಲಿಯುವವಳು ಆ ಗಾಡಿ ಹತ್ತುವುದು ಅಪರೂಪ; ಅರ್ಧ ಬೆಲೆಯೂ ಅವಳ ಹಲವು ದಿನಗಳ ಸಂಬಳ. ಲಗ್ಗೆರೆ, ಹೆಗ್ಗನಹಳ್ಳಿಗಳ ಬಾಡಿಗೆ ಕೋಣೆಗಳಿಗೆ ಮರಳುವ ದಾರಿಯ ಬದಿಯಲ್ಲಿ ಟಾರ್ಪಾಲು ಹಾಸಿ ಮಕ್ಕಳ ಅಂಗಿ ರಾಶಿ ಹಾಕಿರುತ್ತಾರೆ. ಅವಳು ಒಂದನ್ನೆತ್ತಿ, ಬೆಲೆ ಕೇಳುವ ಮೊದಲು ಒಳಮೈ ತಿರುವಿ ಹೊಲಿಗೆ ನೋಡುತ್ತಾಳೆ.