ಐದನೇ ಕಾಲಿರುವ ಜಿಪಿಎಸ್ ಕೊಳ್ಳಿ

1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭದ ಬಳಿ ಸೂರ್ಯ ತನ್ನ ಅತಿ ಎತ್ತರಕ್ಕೇರುವುದು ಗಡಿಯಾರದ ಹನ್ನೆರಡಕ್ಕಲ್ಲ, ಸರಾಸರಿ ಹನ್ನೆರಡೂವರೆಗೆ. ಭಾರತೀಯ ಕಾಲಮಾನದ ಲೆಕ್ಕ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಉಡುಪಿ ಕರಾವಳಿ ಅದಕ್ಕಿಂತ ಸಾಕಷ್ಟು ಪಶ್ಚಿಮಕ್ಕಿದೆ. ಇದರಿಂದ ಯಾರಿಗೂ ತೊಂದರೆಯಿಲ್ಲ, ಎಲ್ಲರೂ ಒಂದೇ ಗಡಿಯಾರವನ್ನು ಒಪ್ಪಿದ್ದಾರಲ್ಲ!

ಕಂಪ್ಯೂಟರುಗಳು ಹಾಗೆ ಒಪ್ಪುವುದಿಲ್ಲ. ಒಳಗಿರುವ ಅಗ್ಗದ ಸ್ಫಟಿಕ ಗಡಿಯಾರ ದಿನಕ್ಕೆ ಒಂದೆರಡು ಸೆಕೆಂಡು ಹಿಂದುಮುಂದಾಗುವುದು ಸಾಮಾನ್ಯ. ಮಣಿಪಾಲದ ಯಂತ್ರವೊಂದು ಕಾರ್ಕಳಕ್ಕೆ ಕಡತ ಕಳಿಸಿತೆನ್ನಿ. ದಾಖಲೆ ನೋಡಿದರೆ ಹೊರಡುವ ಮೊದಲೇ ತಲುಪಿರುತ್ತದೆ! ಕಂಪ್ಯೂಟರಿಗೆ ಕನ್ನ ಹಾಕಿದವರು ಯಾವಾಗ ಬಂದರೆಂದು ಪತ್ತೆಹಚ್ಚಲು ಇಂಥ ದಾಖಲೆ ಕೆಲಸಕ್ಕೆ ಬಾರದು. ಆದ್ದರಿಂದಲೇ 2022ರ ಏಪ್ರಿಲ್‌ನಲ್ಲಿ ಕೇಂದ್ರದ ಸರ್ಟ್-ಇನ್, ಸಂಸ್ಥೆಗಳ ಕಂಪ್ಯೂಟರ್ ಗಡಿಯಾರಗಳು ರಾಷ್ಟ್ರೀಯ ಭೌತ ಪ್ರಯೋಗಾಲಯದಂಥ ಅಧಿಕೃತ ಮೂಲಕ್ಕೆ ತಾಳೆಯಾಗಬೇಕೆಂದು ಆದೇಶಿಸಿತು.

ಅಂತರ್ಜಾಲದಿಂದ ಬರುವ ಸಮಯ ಕೆಲವು ಮಿಲಿಸೆಕೆಂಡು ಆಚೀಚೆ. ಮಳೆಗಾಲದಲ್ಲಿ ಕೇಬಲ್ ತುಂಡಾದರೆ ಅದೂ ಇಲ್ಲ. ಆಗ ನೆರವಿಗೆ ಬರುವುದು ಜಿಪಿಎಸ್. ಸುಮಾರು 20,200 ಕಿಲೋಮೀಟರ್ ಎತ್ತರದ ಆ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ. ರಿಸೀವರ್ ತಾನಿರುವ ಜಾಗ ಹೇಳಬೇಕಾದರೆ ಜೊತೆಗೆ ಸಮಯವನ್ನೂ ಲೆಕ್ಕ ಹಾಕಬೇಕು.

ಪ್ರಾಜೆಕ್ಟಿಗೆಂದು ಮಕ್ಕಳು ಇದನ್ನು ಕೇಳಿದರೆ ಗಾಬರಿ ಬೇಡ. ನಿಯೋ-6ಎಂ ಮಾದರಿಯ ಮಾಡ್ಯೂಲಿಗೆ ಕೆಲವು ನೂರು ರೂಪಾಯಿ ಸಾಕು. ನೋಡಬೇಕಾದ್ದು ಒಂದೇ. ರಿಸೀವರ್ ಗಂಟೆ-ನಿಮಿಷಗಳನ್ನು ಅಕ್ಷರ ರೂಪದಲ್ಲಿ ಕಳಿಸುತ್ತದೆ, ಆದರೆ ಅದು ತಡವಾಗಿ ಬರುತ್ತದೆ, ಒಮ್ಮೆ ಬಂದಂತೆ ಇನ್ನೊಮ್ಮೆ ಬಾರದು. ಸೆಕೆಂಡು ಆರಂಭವಾಗುವ ಕ್ಷಣವನ್ನು ಸಾರುವುದು ಪಿಪಿಎಸ್ ಎಂಬ ಪ್ರತ್ಯೇಕ ಮಿಡಿತ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತ ನಿಖರ. ಅಗ್ಗದ ಎಷ್ಟೋ ಬೋರ್ಡುಗಳಲ್ಲಿ ನಾಲ್ಕೇ ಕಾಲುಗಳು. ಮಿಡಿತ ಒಂದು ಪುಟ್ಟ ದೀಪವನ್ನು ಮಿನುಗಿಸಿ ಮುಗಿಯುತ್ತದೆ. ಪಿಪಿಎಸ್ ಎಂದು ಬರೆದ ಐದನೇ ಕಾಲಿದ್ದದ್ದನ್ನೇ ಕೊಳ್ಳಿ. ಅದನ್ನು ರಾಸ್ಪ್‌ಬೆರಿ ಪೈಯಂಥ ಪುಟ್ಟ ಕಂಪ್ಯೂಟರಿನ ಪಿನ್ನಿಗೆ ನೇರ ಜೋಡಿಸಬಹುದು. ಯುಎಸ್‌ಬಿ ಮೂಲಕ ತಂದರೆ ನಿಖರತೆ ದಾರಿಯಲ್ಲೇ ಸೋರಿಹೋಗುತ್ತದೆ.

ಸಮಯಕ್ಕೆಂದೇ ತಯಾರಾದ ದುಬಾರಿ ಮಾಡ್ಯೂಲುಗಳೂ ಇವೆ. ಜಾಗ ಒಮ್ಮೆ ಗೊತ್ತಾದರೆ ಅವಕ್ಕೆ ಒಂದೇ ಉಪಗ್ರಹ ಸಾಕು. ಶಾಲಾ-ಕಾಲೇಜು ಪ್ರಯೋಗಾಲಯಕ್ಕೆ ಅದು ಅನಗತ್ಯ ಖರ್ಚು. ಹಾಗೆಂದು ತೀರಾ ಹಳೆಯದೂ ಬೇಡ. ಜಿಪಿಎಸ್‌ನ ವಾರದ ಎಣಿಕೆ 1024ಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ. 2019ರ ಏಪ್ರಿಲ್ 6ರಂದು ಹೀಗಾದಾಗ ಕೆಲವು ಹಳೆಯ ರಿಸೀವರುಗಳು ಸುಮಾರು ಇಪ್ಪತ್ತು ವರ್ಷ ಹಿಂದಕ್ಕೆ ಜಾರಿದವು.

ಆಂಟೆನಾಕ್ಕೆ ತೆರೆದ ಆಕಾಶ ಬೇಕು. ಕಾಂಕ್ರೀಟ್ ಮಾಳಿಗೆಯ ಕೆಳಗಾಗಲಿ, ಮಳೆಯಲ್ಲಿ ತೊಯ್ದ ತೆಂಗಿನ ಗರಿಗಳ ಅಡಿಯಲ್ಲಾಗಲಿ ಸಂಕೇತ ಕ್ಷೀಣಿಸುತ್ತದೆ. ಕಡಲ ಬದಿಯ ಉಪ್ಪುಗಾಳಿಗೆ ಜೋಡಣೆಗಳು ತುಕ್ಕು ಹಿಡಿಯುತ್ತವೆ, ನೀರು ನುಗ್ಗದ ಟೇಪು ಸುತ್ತಿಡಿ. ಗುಡುಗು-ಸಿಡಿಲಿನ ಸೂಚನೆ ಕಂಡರೆ ಮೋಡ ಕವಿಯುವ ಮೊದಲೇ ತಂತಿ ಕಳಚುವುದು ಒಳ್ಳೆಯದು. ಒಂದು ರಾತ್ರಿ ಸ್ಫಟಿಕ ಗಡಿಯಾರವೇ ಹೇಗೋ ಸಂಭಾಳಿಸುತ್ತದೆ.