ಅಪರಿಚಿತನ ಚೆಕ್ಕು, ಅಪರಿಚಿತನ ನಗದು: ಖಾಸಗಿ ಮಾರಾಟದಲ್ಲಿ ಎಚ್ಚರ ಎಲ್ಲಿರಬೇಕು?

ಅಂಗಡಿಯ ವ್ಯವಹಾರದಲ್ಲಿ ವರ್ತಕರು ಚೆಕ್ಕು ಸ್ವೀಕರಿಸುವುದು ಕೇವಲ ಚೆಕ್ಕನ್ನು ನಂಬಿ ಅಲ್ಲ. ಗಿರಾಕಿಯ ಹಲವು ವರ್ಷಗಳ ಲೆಕ್ಕ, ಪೇಟೆಯಲ್ಲಿ ಅವನಿಗಿರುವ ಹೆಸರು, ಮುಂದಿನ ತಿಂಗಳು ಮತ್ತೆ ಮಾಲಿಗೆ ಬರಲೇಬೇಕಾದ ಅವನ ಅಗತ್ಯ, ಇವೆಲ್ಲವೂ ಆ ಕಾಗದದ ಹಿಂದೆ ನಿಂತಿರುತ್ತವೆ. ಅದೇ ವರ್ತಕರು ತಮ್ಮ ಹಳೆಯ ಕಾರನ್ನೋ ಗೋದಾಮಿನ ಜನರೇಟರನ್ನೋ ಜಾಹೀರಾತು ನೋಡಿ ಬಂದವನೊಬ್ಬನಿಗೆ ಮಾರುವಾಗ ಈ ಆಧಾರಗಳಲ್ಲಿ ಒಂದೂ ಇರುವುದಿಲ್ಲ. ಆದರೂ ಅಂಗಡಿಯ ಅಭ್ಯಾಸವೇ ಮುಂದುವರಿಯುತ್ತದೆ. ನಷ್ಟದ ಮೂಲ ಬಹುಮಟ್ಟಿಗೆ ಇಲ್ಲಿಯೇ ಇದೆ.

ಒಂದು ಉದಾಹರಣೆಯನ್ನು ನೋಡೋಣ. ಹುಬ್ಬಳ್ಳಿಯ ವರ್ತಕರೊಬ್ಬರು ತಮ್ಮ ಸ್ವಂತ ಕಾರನ್ನು 3,40,000 ರೂಪಾಯಿಗಳಿಗೆ ಮಾರಲು ಒಪ್ಪುತ್ತಾರೆಂದು ಭಾವಿಸಿ. ಕೊಳ್ಳುವವನು ಶನಿವಾರ ಸಂಜೆ ಬರುತ್ತಾನೆ, ಚೆಕ್ಕು ಬರೆದುಕೊಡುತ್ತಾನೆ, ಭಾನುವಾರ ಮನೆಯವರೊಡನೆ ದೇವಸ್ಥಾನಕ್ಕೆ ಹೋಗಬೇಕಾಗಿದೆ ಎಂದು ಕೀಲಿ ಕೇಳುತ್ತಾನೆ. ಚೆಕ್ಕು ಬ್ಯಾಂಕಿನ ಮುಖ ಕಾಣುವುದೇ ಸೋಮವಾರ. ಆ ನಡುವಿನ ಅವಧಿಯಲ್ಲಿ ಕಾರು ಅವನ ಬಳಿ, ಕಾಗದ ಇವರ ಬಳಿ.

ಚೆಕ್ಕು ಹಣವಲ್ಲ. ಹಣ ಕೊಡುವಂತೆ ಖಾತೆದಾರನು ತನ್ನ ಬ್ಯಾಂಕಿಗೆ ನೀಡುವ ಆದೇಶ ಮಾತ್ರ. ಆ ಆದೇಶವನ್ನು ಬ್ಯಾಂಕು ಪುರಸ್ಕರಿಸಿದಾಗಲೇ ಪಾವತಿ ಪೂರ್ಣವಾಗುತ್ತದೆ. ಖಾತೆಯಲ್ಲಿ ಹಣವಿಲ್ಲದೆ, ಸಹಿ ಹೊಂದದೆ, ಖಾತೆ ಮುಚ್ಚಿರುವುದರಿಂದ ಅಥವಾ ಪಾವತಿ ತಡೆಯಲು ಸೂಚನೆ ಬಂದಿರುವುದರಿಂದ ಚೆಕ್ಕು ಮರಳಬಹುದು. 2025ರ ಅಕ್ಟೋಬರ್ 4ರಿಂದ ಚೆಕ್ಕುಗಳ ಕ್ಲಿಯರಿಂಗ್ ದಿನವಿಡೀ ನಿರಂತರವಾಗಿ ನಡೆಯುವ ವ್ಯವಸ್ಥೆ ಬಂದಿದ್ದು, ಚೆಕ್ಕಿನ ಭವಿಷ್ಯ ಮೊದಲಿಗಿಂತ ಬೇಗ ತಿಳಿಯುತ್ತದೆ. ಬೇಗ ತಿಳಿಯುತ್ತದೆ ಎಂದರೆ ಕೈಗೆ ಬಂದ ಕ್ಷಣವೇ ತಿಳಿಯುತ್ತದೆ ಎಂದಲ್ಲ. ‘ನಿಮ್ಮ ಖಾತೆಗೆ ಕಟ್ಟಿದ್ದೇನೆ’ ಎಂದು ಕೌಂಟರ್‌ಫಾಯಿಲ್ ತೋರಿಸುವವರೂ ಇದ್ದಾರೆ. ಕಟ್ಟಿದ್ದು ನಗದೋ ಚೆಕ್ಕೋ ಎಂಬುದನ್ನು ಆ ಚೀಟಿಯಿಂದ ತೀರ್ಮಾನಿಸಬಾರದು. ಖಾತೆಯಿಂದ ತೆಗೆಯಲು ಲಭ್ಯವಿರುವ ಶಿಲ್ಕನ್ನೇ ನೋಡಬೇಕು.

ಚೆಕ್ಕು ಮರಳಿದರೆ ಕಾನೂನು ಇದೆಯಲ್ಲ ಎಂಬ ಧೈರ್ಯ ಅನೇಕರಿಗಿದೆ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೆಯ ಕಲಮು 1989ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಬ್ಯಾಂಕಿನಿಂದ ಮಾಹಿತಿ ಬಂದ 30 ದಿನಗಳೊಳಗೆ ಲಿಖಿತ ನೋಟೀಸು ಕಳುಹಿಸಬೇಕು. ಅದು ತಲುಪಿದ 15 ದಿನಗಳಲ್ಲಿ ಹಣ ಬಾರದಿದ್ದರೆ, ನಂತರದ ಒಂದು ತಿಂಗಳೊಳಗೆ ದೂರು ಸಲ್ಲಿಸಬೇಕು. ಎರಡು ವರ್ಷಗಳವರೆಗೆ ಸೆರೆವಾಸ, ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. 2018ರ ತಿದ್ದುಪಡಿಯ ಮೇರೆಗೆ ವಿಚಾರಣೆ ನಡೆಯುತ್ತಿರುವಾಗಲೇ ಮೊತ್ತದ ಶೇ. 20ರವರೆಗೆ ಮಧ್ಯಂತರ ಪರಿಹಾರ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಊರಿನಲ್ಲಿ ಮನೆ, ಅಂಗಡಿ ಇರುವ ಸಾಲಗಾರನ ವಿಷಯದಲ್ಲಿ ಇದು ಬಲವಾದ ಅಸ್ತ್ರ. ಆದರೆ ಈ ಕಲಮು ಅನ್ವಯಿಸುವುದು ತನ್ನ ಸ್ವಂತ ಖಾತೆಯ ಮೇಲೆ ಚೆಕ್ಕು ಬರೆದವನಿಗೆ. ಚೆಕ್ಕು ಪುಸ್ತಕವೇ ಕದ್ದದ್ದಾಗಿದ್ದು ಸಹಿ ಖೋಟಾ ಆಗಿದ್ದರೆ, ಹೆಸರು ನಮೂದಾಗಿರುವ ಖಾತೆದಾರನು ತಪ್ಪಿತಸ್ಥನಲ್ಲ. ತಪ್ಪಿತಸ್ಥನ ವಿಳಾಸ ಯಾರಿಗೂ ಗೊತ್ತಿಲ್ಲ. ಆಗ ಉಳಿಯುವುದು ವಂಚನೆಯ ಪೊಲೀಸ್ ದೂರು ಮಾತ್ರ.

ಇದಕ್ಕಿಂತ ಗಂಭೀರವಾದ, ವರ್ತಕರಲ್ಲಿಯೂ ಅಷ್ಟಾಗಿ ತಿಳಿಯದ ಮಾತೊಂದಿದೆ. ಹಣ ಬಾರದಿದ್ದರೆ ವಸ್ತುವನ್ನಾದರೂ ಹಿಂದಕ್ಕೆ ಪಡೆಯಬಹುದು ಎಂದು ಮಾರಿದವರು ನಂಬಿರುತ್ತಾರೆ. ಇದು ಯಾವಾಗಲೂ ನಿಜವಲ್ಲ. ವಂಚನೆಯಿಂದ ಪಡೆದ ಒಪ್ಪಿಗೆಯ ಕರಾರು ಭಾರತೀಯ ಕರಾರು ಕಾಯ್ದೆಯ 19ನೆಯ ಕಲಮಿನಂತೆ ಆರಂಭದಿಂದಲೇ ಶೂನ್ಯವಲ್ಲ, ರದ್ದುಗೊಳಿಸಬಹುದಾದ ಕರಾರು. ಮಾರಿದವನು ಅದನ್ನು ರದ್ದುಗೊಳಿಸುವ ಮೊದಲೇ ವಂಚಕನು ವಸ್ತುವನ್ನು ಮತ್ತೊಬ್ಬನಿಗೆ ಮಾರಿದರೆ, ದೋಷದ ಅರಿವಿಲ್ಲದೆ ಸದ್ಭಾವನೆಯಿಂದ ಕೊಂಡ ಆ ಮೂರನೆಯವನಿಗೆ ಒಳ್ಳೆಯ ಹಕ್ಕು ದೊರೆಯುತ್ತದೆ ಎಂದು 1930ರ ಸರಕು ಮಾರಾಟ ಕಾಯ್ದೆಯ 29ನೆಯ ಕಲಮು ಹೇಳುತ್ತದೆ.

ಈ ಕಾಯ್ದೆಯು ಇಂಗ್ಲೆಂಡಿನ 1893ರ ಕಾಯ್ದೆಯ ಜಾಡಿನಲ್ಲಿ ರಚಿತವಾದದ್ದು. ಆದ್ದರಿಂದ ಅಲ್ಲಿಯ ಅಪೀಲು ನ್ಯಾಯಾಲಯ 1971ರಲ್ಲಿ ತೀರ್ಮಾನಿಸಿದ ಲೂಯಿಸ್ ವಿರುದ್ಧ ಆವರಿ ಮೊಕದ್ದಮೆ ನಮಗೂ ಪಾಠ ಹೇಳುತ್ತದೆ. ಲೂಯಿಸ್ ಎಂಬ ವಿದ್ಯಾರ್ಥಿ ತನ್ನ ಕಾರನ್ನು ಜಾಹೀರಾತಿನ ಮೂಲಕ 450 ಪೌಂಡುಗಳಿಗೆ ಮಾರಿದ. ಕೊಳ್ಳಲು ಬಂದವನು ತಾನು ಪ್ರಸಿದ್ಧ ನಟ ರಿಚರ್ಡ್ ಗ್ರೀನ್ ಎಂದು ಹೇಳಿಕೊಂಡ. ಚೆಕ್ಕು ಪಾಸಾಗುವವರೆಗೆ ಕಾರನ್ನು ಇರಿಸಿಕೊಳ್ಳಬೇಕೆಂದು ಲೂಯಿಸ್‌ಗೂ ಅನಿಸಿತ್ತು. ಆದರೆ ಅವನು ಗುರುತು ಕೇಳಿದಾಗ ಬಂದವನು ಚಲನಚಿತ್ರ ಸ್ಟುಡಿಯೋದ, ಭಾವಚಿತ್ರವಿರುವ ಪಾಸನ್ನು ತೋರಿಸಿದ, ಕಾರು ಕೈಬಿಟ್ಟಿತು. ಚೆಕ್ಕು ಕದ್ದ ಪುಸ್ತಕದ್ದಾಗಿತ್ತು. ಅಷ್ಟರಲ್ಲಿ ವಂಚಕನು ಕಾರನ್ನು ಆವರಿ ಎಂಬವನಿಗೆ 200 ಪೌಂಡುಗಳಿಗೆ ಮಾರಿ ಮರೆಯಾಗಿದ್ದ. ಕಾರು ಆವರಿಯದೇ ಎಂದು ನ್ಯಾಯಾಲಯ ತೀರ್ಪಿತ್ತಿತು. ಗುರುತಿನ ಚೀಟಿಯ ನಕಲು ಪಡೆದಿದ್ದೇನೆ ಎಂದು ನೆಮ್ಮದಿಯಿಂದಿರುವವರು ಈ ಪ್ರಕರಣವನ್ನು ನೆನಪಿನಲ್ಲಿಡುವುದು ಒಳ್ಳೆಯದು. ಚೆಕ್ಕು ಮರಳಿದೊಡನೆ ಕರಾರನ್ನು ರದ್ದುಗೊಳಿಸಿರುವುದಾಗಿ ಲಿಖಿತವಾಗಿ ತಿಳಿಸುವುದು, ಪೊಲೀಸರಿಗೂ ವಾಹನವಾದರೆ ಸಾರಿಗೆ ಕಚೇರಿಗೂ ಅದೇ ದಿನ ದೂರು ಕೊಡುವುದು ಏಕೆ ಅಗತ್ಯವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಾಗಾದರೆ ನಗದೇ ಲೇಸೆ? ನಗದು ಮರಳಿ ಬರುವುದಿಲ್ಲ ಎಂಬುದು ನಿಜ. ಆದರೆ ನಮ್ಮ ಉದಾಹರಣೆಯ ವರ್ತಕರು 3,40,000 ರೂಪಾಯಿಗಳನ್ನು ನಗದಾಗಿ ಪಡೆಯುವಂತೆಯೇ ಇಲ್ಲ. 2017ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆದಾಯ ತೆರಿಗೆ ಕಾಯ್ದೆಯ 269ಎಸ್‌ಟಿ ಕಲಮು, ಒಬ್ಬ ವ್ಯಕ್ತಿಯಿಂದ ಒಂದು ದಿನದಲ್ಲಿ ಅಥವಾ ಒಂದೇ ವ್ಯವಹಾರಕ್ಕೆ ಸಂಬಂಧಿಸಿದಂತೆ 2 ಲಕ್ಷ ರೂಪಾಯಿ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಸ್ವೀಕರಿಸುವುದನ್ನು ನಿಷೇಧಿಸಿತು. 2025ರ ಹೊಸ ಕಾಯ್ದೆಯಲ್ಲಿಯೂ ಈ ನಿಷೇಧವನ್ನು ಉಳಿಸಿಕೊಳ್ಳಲಾಗಿದೆ. ದಂಡವು ಪಡೆದ ಮೊತ್ತದಷ್ಟೇ ಆಗಬಹುದು, ಮತ್ತು ಅದು ಬೀಳುವುದು ಕೊಟ್ಟವನ ಮೇಲಲ್ಲ, ಪಡೆದವನ ಮೇಲೆ. ‘ಇಂದು ಅರ್ಧ, ನಾಳೆ ಅರ್ಧ’ ಎಂಬ ಉಪಾಯ ನಡೆಯದು. ವ್ಯವಹಾರ ಒಂದೇ ಆಗಿರುವುದರಿಂದ ಎರಡೂ ಕಂತು ಕೂಡಿಯೇ ಲೆಕ್ಕ. ಸ್ವಂತ ಕಾರು, ವ್ಯಾಪಾರದ ಮಾಲಲ್ಲ ಎಂಬ ಸಮಜಾಯಿಷಿಗೂ ಅವಕಾಶವಿಲ್ಲ. ನಿವೇಶನ, ಮನೆಗಳ ವಿಷಯದಲ್ಲಿ ಮಿತಿ ಇನ್ನೂ ಕಿರಿದು: ಸಂಚಕಾರವನ್ನು ಕೂಡ 20,000 ರೂಪಾಯಿ ಅಥವಾ ಹೆಚ್ಚಾಗಿ ನಗದಿನಲ್ಲಿ ಪಡೆಯುವಂತಿಲ್ಲ.

ಮಿತಿಯೊಳಗಿನ ನಗದಿಗೂ ಅಪಾಯವಿದೆ. ಖೋಟಾ ನೋಟು ಬ್ಯಾಂಕಿನ ಕೈಗೆ ಬಂದರೆ ಬ್ಯಾಂಕು ಅದನ್ನು ಮುಟ್ಟುಗೋಲು ಹಾಕಿಕೊಂಡು ರಸೀದಿ ಕೊಡುತ್ತದೆ, ಹಣ ಕೊಡುವುದಿಲ್ಲ. ಒಂದೇ ಜಮೆಯಲ್ಲಿ ಐದು ಅಥವಾ ಹೆಚ್ಚು ಖೋಟಾ ನೋಟುಗಳಿದ್ದರೆ ಪೊಲೀಸರಿಗೆ ದೂರು ಹೋಗುತ್ತದೆ, ಮತ್ತು ವಿವರಣೆ ನೀಡಬೇಕಾದವರು ಅವನ್ನು ಕಟ್ಟಲು ಬಂದ ಮಾರಾಟಗಾರರೇ.

ಹೀಗಾಗಿ ಚೆಕ್ಕೋ ನಗದೋ ಎಂಬ ಪ್ರಶ್ನೆಗಿಂತ, ವಸ್ತು ಕೈಬಿಡುವ ಗಳಿಗೆ ಯಾವುದು ಎಂಬ ಪ್ರಶ್ನೆಯೇ ಮುಖ್ಯವಾದದ್ದು. ಮಾರಾಟವನ್ನು ಬ್ಯಾಂಕು ತೆರೆದಿರುವ ದಿನಕ್ಕೆ ಇರಿಸಿಕೊಂಡು, ಸಾಧ್ಯವಾದರೆ ಬ್ಯಾಂಕಿನಲ್ಲಿಯೇ ಮುಗಿಸುವುದು ಸುಲಭ ಮಾರ್ಗ. ನಗದಾದರೆ ಕೌಂಟರಿನಲ್ಲಿ ಎಣಿಕೆಯಾಗಿ ನೇರವಾಗಿ ಮಾರುವವರ ಖಾತೆಗೆ ಜಮೆಯಾಗಲಿ. ಎರಡು ಲಕ್ಷ ಅಥವಾ ಮೇಲ್ಪಟ್ಟ ಮೊತ್ತಕ್ಕೆ ಆರ್‌ಟಿಜಿಎಸ್ ಇದೆ. 2020ರ ಡಿಸೆಂಬರ್‌ನಿಂದ ಅದು ದಿನದ 24 ಗಂಟೆಯೂ ಲಭ್ಯವಿರುವುದರಿಂದ ಶನಿವಾರ ಸಂಜೆಯ ನೆಪವೂ ಉಳಿದಿಲ್ಲ. ಕೊಳ್ಳುವವನ ಮೊಬೈಲಿನಲ್ಲಿ ಕಾಣುವ ಚಿತ್ರವನ್ನು ನೋಡಿ ತೃಪ್ತರಾಗದೆ, ತಮ್ಮ ಖಾತೆಯನ್ನು ತಾವೇ ತೆರೆದು ನೋಡಬೇಕು. ಡಿಮ್ಯಾಂಡ್ ಡ್ರಾಫ್ಟನ್ನೂ ಖೋಟಾ ಮಾಡುವವರಿರುವುದರಿಂದ, ಅದನ್ನು ನೀಡಿದ ಶಾಖೆಯನ್ನು ವಿಚಾರಿಸಿಯೇ ಸ್ವೀಕರಿಸಬೇಕು; ಆ ಶಾಖೆಯ ದೂರವಾಣಿ ಸಂಖ್ಯೆಯನ್ನು ಕೊಳ್ಳುವವನಿಂದ ಪಡೆಯಬಾರದು.

ಚೆಕ್ಕನ್ನೇ ಪಡೆಯುವ ಸಂದರ್ಭ ಬಂದರೆ ‘ಅಕೌಂಟ್ ಪೇಯಿ’ ಎಂದು ಗೆರೆ ಎಳೆಸಿ, ‘ಚೆಕ್ಕಿನ ಹಣ ಜಮೆಯಾದ ನಂತರ ವಸ್ತುವನ್ನು ವಶಕ್ಕೆ ಕೊಡಲಾಗುವುದು’ ಎಂದು ರಸೀದಿಯಲ್ಲಿ ಬರೆದು ಇಬ್ಬರೂ ಸಹಿ ಮಾಡಬೇಕು. ಬರೆದಂತೆ ನಡೆಯಲೂ ಬೇಕು. ಮಾಲೀಕತ್ವ ಇನ್ನೂ ತಮ್ಮದೇ ಎಂದು ಬರೆದುಕೊಂಡು ವಸ್ತುವನ್ನು ಒಯ್ಯಲು ಬಿಟ್ಟರೆ, ಅದೇ ಕಾಯ್ದೆಯ 30ನೆಯ ಕಲಮು ಮತ್ತೆ ಆ ಮೂರನೆಯ ಖರೀದಿದಾರನ ಪರವಾಗಿಯೇ ನಿಲ್ಲಬಹುದು.

ವಾಹನದ ಮಟ್ಟಿಗೆ ಹಣ ಬಂದರೂ ಕೆಲಸ ಮುಗಿಯುವುದಿಲ್ಲ. ನೋಂದಣಿ ಪುಸ್ತಕದಲ್ಲಿ ಹೆಸರು ಬದಲಾಗುವವರೆಗೆ, ಅಪಘಾತದ ಪರಿಹಾರದ ಹೊಣೆ ನೋಂದಾಯಿತ ಮಾಲೀಕನದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ 29 ಮತ್ತು 30ನೆಯ ನಮೂನೆಗಳಿಗೆ ತಾರೀಖಿಲ್ಲದೆ ಸಹಿ ಹಾಕಿ ಕೊಡುವ ರೂಢಿಯನ್ನು ಬಿಟ್ಟು, ರಾಜ್ಯದೊಳಗಿನ ಮಾರಾಟವಾದರೆ 14 ದಿನಗಳೊಳಗೆ ಮಾರಿದವರೇ ಸಾರಿಗೆ ಕಚೇರಿಗೆ ವರ್ಗಾವಣೆಯ ವರದಿ ಸಲ್ಲಿಸಿ, ಸ್ವೀಕೃತಿಯನ್ನು ಕಡತದಲ್ಲಿ ಇರಿಸಿಕೊಳ್ಳಬೇಕು.