ಕುದುರಿಗೇನು ಮಟನ್ ಹಾಕ್ತಾರೇನಲೇ?

ಪಂಢರಪುರದ ದಾರಿಯಲ್ಲಿ ಪುಣೆ ಬಿಟ್ಟು, ಹಡಪಸರ ದಾಟಿ, ದಿವೆ ಘಾಟ್ ಹತ್ತಿ ಒಂದೇ ದಿನದಲ್ಲಿ ಸುಮಾರು 30 ಕಿ.ಮೀ. ನಡೆದ ವಾರಕರಿ ಯಾತ್ರಿಕರಿಗೆ ಸಾಸವಡ ಎಂದರೆ ಎರಡು ರಾತ್ರಿಯ ನೆಮ್ಮದಿ. ಸಂತ ಜ್ಞಾನೇಶ್ವರರ ಪಾಲ್ಕಿ ಇಲ್ಲಿ ತಂಗುತ್ತದೆ. ಅವರ ತಮ್ಮ ಸೋಪಾನದೇವರ ಸಮಾಧಿ ಇರುವುದೂ ಕರ್ಹಾ ನದಿ ದಂಡೆಯ ಈ ಊರಿನಲ್ಲೇ. ನಾನು ಹೋದದ್ದು ಆ ಸಮಾಧಿ ನೋಡಲು. ತಲೆಯಲ್ಲಿ ತುಂಬಿಕೊಂಡು ಬಂದದ್ದು ಮಾತ್ರ ಬೇರೆ.

ಒಂದು ದಿಂಡಿಯ, ಅಂದರೆ ವಾರಕರಿ ತಂಡದ, ಡೇರೆಯಿಂದ ಕನ್ನಡ ಕೇಳಿ ಒಳಗೆ ಹೊಕ್ಕೆ. ಚಿಕ್ಕೋಡಿ ಕಡೆಯ ಅಜ್ಜ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕುಳಿತಿದ್ದ. ಪಕ್ಕದಲ್ಲಿ ಜಿಮ್ಮಿಗೆ ಹೋಗುವ ಮೊಮ್ಮಗ, ಅವನ ಕೈಯಲ್ಲೊಂದು ಬಿಳಿ ಪ್ಲಾಸ್ಟಿಕ್ ಡಬ್ಬಿ.

‘ಅದರಾಗ ಏನೈತಿ ಓದ್ರಿ ಸರ, ಇಂವಾ ಹೇಳೂದು ನನಗ ತಿಳ್ಯಾಂಗಿಲ್ಲ’ ಎಂದ ಅಜ್ಜ. ಎಲ್-ಕಾರ್ನಿಟಿನ್, 500 ಮಿಲಿಗ್ರಾಂ.

‘ಕೊಬ್ಬು ಸುಡತೈತಿ ರಿ. ಮಟನ್‌ದಾಗ ಇರೂದು. ಅಜ್ಜ ತುಳಸಿ ಮಾಳ ಹಾಕ್ಯಾನ, ಮಟನ್ ಮುಟ್ಟಾಂಗಿಲ್ಲ. ಅದಕ್ಕ ಅವಗೂ ಬೇಕು’ ಎಂದ ಹುಡುಗ.

ಅಜ್ಜ ತಲೆ ಎತ್ತಲೇ ಇಲ್ಲ. ‘ಹಂಗಾರ ಅಂಕಲಿ ಕುದುರಿಗೇನು ಮಟನ್ ಹಾಕ್ತಾರೇನಲೇ?’

ಈ ಪ್ರಶ್ನೆಗೆ ನಾನು ಮನಸೋತೆ. ಮಾವುಲಿಯ, ಅಂದರೆ ಜ್ಞಾನೇಶ್ವರರ, ಕುದುರೆಗಳು ನಮ್ಮ ಬೆಳಗಾವಿ ಜಿಲ್ಲೆಯ ಅಂಕಲಿಯಿಂದ ಬರುತ್ತವೆ. ಹೈಬತಬಾಬಾ ಆರಫಳಕರ ಪಾಲ್ಕಿಗೆ ಈಗಿನ ಶಿಸ್ತು ಕೊಟ್ಟ ಕಾಲದಿಂದ, ಅಂದರೆ 19ನೇ ಶತಮಾನದ ಪೂರ್ವಾರ್ಧದಿಂದ, ಅಂಕಲಿಯ ಶಿತೋಳೆ ಸರದಾರರ ಮನೆತನದ ಸೇವೆ ಇದು. ಒಂದು ಕುದುರೆಯ ಮೇಲೆ ಜರಿಪಟಕಾ ಧ್ವಜ ಹಿಡಿದ ಸವಾರ. ಇನ್ನೊಂದರ ಬೆನ್ನು ಖಾಲಿ, ಅದರ ಮೇಲೆ ಕುಳಿತಿರುವವರು ಜ್ಞಾನೇಶ್ವರರು ಎಂಬುದು ನಂಬಿಕೆ. ಎರಡೂ ಅಂಕಲಿಯಿಂದ ಆಳಂದಿಗೆ ಸುಮಾರು 300 ಕಿ.ಮೀ. ನಡೆದು ಬರುತ್ತವೆ. ಪಂಢರಪುರದ ದಾರಿ ಶುರುವಾಗುವುದು ಅಲ್ಲಿಂದ ಮುಂದೆ. ಸಂಜೆ ಹೋಗಿ ನೋಡಿದೆ: ತೊಡೆಯ ಮಾಂಸಖಂಡ ಚರ್ಮದಡಿ ಅಲೆಯಾಡುತ್ತಿತ್ತು, ಬಾಯಲ್ಲಿ ಹಸಿ ಹುಲ್ಲು.

ಹುಲ್ಲಿನಲ್ಲಿ ಕಾರ್ನಿಟಿನ್ ಇಲ್ಲವೆನ್ನುವಷ್ಟು ಕಡಿಮೆ. ಆದರೂ ಕುದುರೆಯ ಸ್ನಾಯುವಿನಲ್ಲಿ ಅದು ಮನುಷ್ಯನ ಸ್ನಾಯುವಿಗಿಂತ ಹೆಚ್ಚೇ ಇದೆ. ರೇಸ್ ಕುದುರೆಗಳಿಗೆ ತಿನ್ನಿಸಿ ನೋಡಿದ ಪ್ರಯೋಗವೊಂದು 1988ರಲ್ಲಿ ಪ್ರಕಟವಾಯಿತು. ರಕ್ತದಲ್ಲಿ ಪ್ರಮಾಣ ಏರಿತು, ಸ್ನಾಯುವಿನಲ್ಲಿ ಏರಲಿಲ್ಲ. ಅಜ್ಜನ ಪರವಾಗಿ ಇಷ್ಟು ಸಾಕ್ಷ್ಯ ಸಾಕು ಅನ್ನಿಸಿತು. ಮೊಮ್ಮಗನಿಗೆ ಸಾಲಲಿಲ್ಲ, ಕುದುರೆ ಬೇರೆ ಮನುಷ್ಯ ಬೇರೆ ಎಂದ. ನ್ಯಾಯವೇ.

1905ರಲ್ಲಿ ಮಾಂಸದ ಸಾರದಿಂದ ಬೇರ್ಪಡಿಸಿದ ವಸ್ತು ಈ ಕಾರ್ನಿಟಿನ್. ಐವತ್ತು ವರ್ಷ ಇದರ ಕೆಲಸವೇನೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. 1955ರಲ್ಲಿ ಇರ್ವಿಂಗ್ ಫ್ರಿಟ್ಜ್ ಇದು ಕೊಬ್ಬಿನಾಮ್ಲಗಳ ದಹನವನ್ನು ಹೆಚ್ಚಿಸುತ್ತದೆಂದು ತೋರಿಸಿದರು. ಉದ್ದ ಸರಪಳಿಯ ಕೊಬ್ಬಿನಾಮ್ಲ ಮೈಟೊಕಾಂಡ್ರಿಯದ ಒಳಪೊರೆಯನ್ನು ತಾನಾಗಿ ದಾಟಲಾರದು. ದಿವೆ ಘಾಟಿನ ಬುಡದಲ್ಲಿ ಪಾಲ್ಕಿಯ ರಥಕ್ಕೆ ಹೆಚ್ಚುವರಿ ಎತ್ತಿನ ಜೋಡಿಗಳನ್ನು ಹೂಡಿ, ಏರು ಮುಗಿದ ಮೇಲೆ ಬಿಚ್ಚುತ್ತಾರಲ್ಲ, ಕಾರ್ನಿಟಿನ್ ಮಾಡುವುದೂ ಅದನ್ನೇ: ಪೊರೆ ದಾಟಿಸಿ ಕಳಚಿಕೊಳ್ಳುತ್ತದೆ, ಮುಂದಿನ ಸರದಿಗೆ ಮರಳುತ್ತದೆ. ಅದು ತಾನು ಸುಡುವುದಿಲ್ಲ, ಖರ್ಚಾಗುವುದೂ ಇಲ್ಲ. ಡಬ್ಬಿಯ ಮೇಲಿನ ಬೆಂಕಿಯ ಚಿತ್ರದ ಬಗ್ಗೆ ನನ್ನ ತಕರಾರು ಇರುವುದು ಇಲ್ಲೇ.

ದೇಹದ ಕಾರ್ನಿಟಿನ್‌ನಲ್ಲಿ ಶೇ 95ರಷ್ಟು ಇರುವುದು ಸ್ನಾಯುಗಳಲ್ಲಿ. ವಿಚಿತ್ರವೆಂದರೆ ಸ್ನಾಯು ಅದನ್ನು ತಯಾರಿಸಲಾರದು. ಲೈಸಿನ್, ಮೆಥಿಯೊನಿನ್ ಎಂಬ ಅಮೈನೊ ಆಮ್ಲಗಳಿಂದ ಶುರುವಾಗುವ ತಯಾರಿಯ ಕೊನೆಯ ಹಂತ ನಡೆಯುವುದು ಮುಖ್ಯವಾಗಿ ಯಕೃತ್ತು ಮತ್ತು ಮೂತ್ರಪಿಂಡದಲ್ಲಿ. ಸ್ನಾಯು ರಕ್ತದಿಂದಲೇ ಹೀರಿಕೊಳ್ಳಬೇಕು. ಆದರೆ ಸ್ನಾಯುವಿನೊಳಗೆ ಆಗಲೇ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು ತುಂಬಿರುತ್ತದೆ. ಆ ಇಳಿಜಾರಿನ ವಿರುದ್ಧ ಒಳಗೆಳೆಯುವುದು ಜೀವಕೋಶದ ಪೊರೆಯಲ್ಲಿರುವ ಓಸಿಟಿಎನ್2 ಎಂಬ ಪ್ರೋಟೀನು. ಒಳನುಗ್ಗುವ ಸೋಡಿಯಂನ ಒತ್ತಡವೇ ಅದಕ್ಕೆ ಬಲ. ಹಾಗಾಗಿ ಮಾತ್ರೆ ನುಂಗಿ ರಕ್ತದಲ್ಲಿ ಸ್ವಲ್ಪ ಹೆಚ್ಚಿಸಿದರೆ ಸ್ನಾಯುವಿಗೆ ಅದರ ಗಣನೆಯೇ ಇಲ್ಲ. ಅದೂ ಮಾತ್ರೆಯ ಕಾರ್ನಿಟಿನ್ ಕರುಳಿನಿಂದ ರಕ್ತಕ್ಕೆ ಸೇರುವುದು ಶೇ 5ರಿಂದ 18ರಷ್ಟು ಮಾತ್ರ.

ಒಳಗೆ ತಳ್ಳುವ ದಾರಿ ಇಲ್ಲವೇ ಇಲ್ಲ ಎಂದಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಇನ್ಸುಲಿನ್ ಏರಿದ್ದಾಗ ಸ್ನಾಯು ಕಾರ್ನಿಟಿನ್ನನ್ನು ಹೆಚ್ಚು ಹೀರುತ್ತದೆಂದು ಕಂಡುಕೊಂಡರು. 2011ರ ಅವರ ಪ್ರಯೋಗದಲ್ಲಿ 2 ಗ್ರಾಂ ಕಾರ್ನಿಟಿನ್ ಲವಣವನ್ನು 80 ಗ್ರಾಂ ಕಾರ್ಬೊಹೈಡ್ರೇಟ್ ಜತೆಗೆ ದಿನಕ್ಕೆರಡು ಬಾರಿ, 24 ವಾರ ಕುಡಿಸಿದಾಗ ಸ್ನಾಯುವಿನಲ್ಲಿ ಶೇ 21ರಷ್ಟು ಏರಿತು. ಲೆಕ್ಕ ಹಾಕಿ: ಕೊಬ್ಬು ಸುಡಲು ಹೊರಟವನು ಆರು ತಿಂಗಳು ದಿನಾ 160 ಗ್ರಾಂ ಕಾರ್ಬೊಹೈಡ್ರೇಟ್ ಹೆಚ್ಚಿಗೆ ಕುಡಿಯಬೇಕು! ಇದನ್ನು ಹೇಳಿದಾಗ ಮೊಮ್ಮಗ ಡಬ್ಬಿ ತಿರುಗಿಸಿ ಬೆಲೆ ನೋಡಿದ.

ಅಜ್ಜನ ಮಾಳದ ವಿಷಯದಲ್ಲಿ ಮಾತ್ರ ಹುಡುಗನ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. 2011ರಲ್ಲಿ ಅದೇ ನಾಟಿಂಗ್‌ಹ್ಯಾಮ್‌ನವರ ಇನ್ನೊಂದು ಅಧ್ಯಯನದಲ್ಲಿ ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಕಾರ್ನಿಟಿನ್ ಶೇ 17ರಷ್ಟು ಕಡಿಮೆ ಕಂಡಿತು, ಓಸಿಟಿಎನ್2 ಕೂಡ ಕಡಿಮೆ. 2016ರ ಸ್ವಿಸ್ ಅಧ್ಯಯನದಲ್ಲಿ ಸಸ್ಯಾಹಾರಿಗಳ ರಕ್ತದಲ್ಲಿ ಕಡಿಮೆಯಿದ್ದರೂ ಸ್ನಾಯುವಿನಲ್ಲಿ ಅಂಥ ವ್ಯತ್ಯಾಸ ಸಿಗಲಿಲ್ಲ. ಸಸ್ಯಾಹಾರಿಗಳಿಗೆ ಕಾರ್ನಿಟಿನ್ ಕೊಟ್ಟು ನೋಡಿದಾಗ ದೈಹಿಕ ಸಾಮರ್ಥ್ಯವೂ ಹೆಚ್ಚಲಿಲ್ಲ. ಈ ಜಗಳದಲ್ಲಿ ನಾನು ಸ್ವಿಸ್‌ನವರ ಕಡೆ. ಘಾಟ್ ಹತ್ತಿ ಬಂದ ಅಜ್ಜನನ್ನು ಕಣ್ಣಾರೆ ನೋಡಿದವನು ಇನ್ನೇನು ಹೇಳಿಯಾನು?

ಕಾರ್ನಿಟಿನ್ ನಿಜವಾಗಿ ಬೇಕಾದವರೂ ಇದ್ದಾರೆ, ಓಸಿಟಿಎನ್2 ಹುಟ್ಟಿನಿಂದಲೇ ಕೆಟ್ಟಿರುವವರು. ಅವರ ಮೂತ್ರಪಿಂಡ ಕಾರ್ನಿಟಿನ್ನನ್ನು ಹಿಡಿದಿಟ್ಟುಕೊಳ್ಳದೆ ಮೂತ್ರದಲ್ಲಿ ಹರಿಯಬಿಡುತ್ತದೆ. ಸ್ನಾಯು ಸೋಲುತ್ತದೆ, ಹೃದಯ ಹಿಗ್ಗುತ್ತದೆ. ಫೆರೋ ದ್ವೀಪಗಳಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಈ ದೋಷವಿದೆ. ಅಲ್ಲಿ ಕೆಲವು ಎಳೆಯರು ಏಕಾಏಕಿ ಸತ್ತ ಮೇಲೆ ಊರಿಗೂರೇ ರಕ್ತ ಪರೀಕ್ಷೆ ಮಾಡಿಸಿಕೊಂಡಿತು. ಅಂಥವರಿಗೆ ವೈದ್ಯರು ಇದೇ ಕಾರ್ನಿಟಿನ್ನನ್ನು ಬದುಕಿಡೀ ಕೊಡುತ್ತಾರೆ, ಮತ್ತು ಅವರು ಬದುಕುತ್ತಾರೆ.